ಟ್ರಿಪ್ಪರ್ ಯಾಕೆ ಬೀಳುತ್ತದೆ: ಒಂದು ಸಣ್ಣ ಸ್ವಿಚ್ಚಿನ ಚರಿತ್ರೆ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆಯಲ್ಲಿ ಹನ್ನೆರಡು ದಿನ ಉಳಿದುಕೊಂಡಿದ್ದೆ. ಆ ಮನೆಯ ಅಟ್ಟದ ಮೇಲೆ ಮೂರು ತಲೆಮಾರಿನ ಅಡಿಕೆ ವ್ಯವಹಾರದ ಲೆಕ್ಕದ ಪುಸ್ತಕಗಳಿವೆ. ನನ್ನ ಪಿಎಚ್‌ಡಿ ಕೆಲಸಕ್ಕೆ ಅವೇ ಮುಖ್ಯ ಆಕರ. ಒಂದೊಂದು ಪುಟವನ್ನೂ ಫೋಟೊ ತೆಗೆದುಕೊಳ್ಳಲು ನಾನೇ ಮಾಡಿಕೊಂಡ ಒಂದು ಸ್ಟ್ಯಾಂಡ್ ಕೊಂಡೊಯ್ದಿದ್ದೆ. ಕಬ್ಬಿಣದ ಆ್ಯಂಗಲ್ ಪಟ್ಟಿಗಳಿಗೆ ನಟ್ಟು ಬೋಲ್ಟ್ ಹಾಕಿ ಕಟ್ಟಿದ ಚೌಕಟ್ಟು, ಮೇಲೆ ಕ್ಯಾಮೆರಾ, ಎರಡು ಬದಿಗೆ ಎರಡು ದೀಪ, ಕಾಲಿನ ಹತ್ತಿರ ಸ್ಕ್ರೂ ಹಾಕಿ ಕೂರಿಸಿದ ನಾಲ್ಕು ಸಾಕೆಟ್‌ಗಳ ಬೋರ್ಡು. ವಯರಿಂಗ್ ಕೂಡ ನನ್ನದೇ. ಹಾಸ್ಟೆಲಿನಲ್ಲಿ ಒಂದು ವರ್ಷ ಅದರಲ್ಲೇ ಕೆಲಸ ಮಾಡಿದ್ದೆ. ಮೊಣಕೈ ತಾಗಿದಾಗ ಒಮ್ಮೊಮ್ಮೆ ಜುಮ್ ಅನ್ನುತ್ತಿತ್ತು. ಅದನ್ನೊಂದು ದೋಷವೆಂದು ನಾನು ಎಣಿಸಿರಲಿಲ್ಲ.

ಮಲೆನಾಡಿನ ಆ ಮನೆಯಲ್ಲಿ ಸ್ಟ್ಯಾಂಡ್ ಇಟ್ಟು ಸ್ವಿಚ್ ಹಾಕಿದೆ. ಟಕ್ ಎಂದಿತು, ಇಡೀ ಮನೆ ಕತ್ತಲಾಯಿತು. ಅಜ್ಜಯ್ಯ ಮೀಟರ್ ಬೋರ್ಡಿನ ಹತ್ತಿರ ಹೋಗಿ ಟ್ರಿಪ್ಪರ್ ಎತ್ತಿದರು. ಮತ್ತೆ ಸ್ವಿಚ್ ಹಾಕಿದೆ. ಮತ್ತೆ ಟಕ್. ಮೂರನೆಯ ಸಲ ಒಳಗಿನಿಂದ ಅಮ್ಮ ಕೇಳಿದರು: "ಎಂತ ಮಾರಾಯ, ನೀನು ಲೈಟು ಹಾಕಿದ್ರೆ ನಮ್ಮನೆ ಕರೆಂಟೇ ಹೋಗ್ತದಲ್ಲ!"

ನನಗೆ ಸಿಟ್ಟು ಬಂದದ್ದು ಟ್ರಿಪ್ಪರಿನ ಮೇಲೆ. ಹಳೇ ಮನೆ, ಹಳೇ ವಯರು, ಮಳೆ, ಅದಕ್ಕೇ ಸುಮ್ಮನೆ ಬೀಳುತ್ತಿದೆ ಎಂದುಕೊಂಡೆ. ಮರುದಿನ ಬಂದ ಎಲೆಕ್ಟ್ರಿಷಿಯನ್‌ಗೆ, "ಒಂದು ವಾರದ ಮಟ್ಟಿಗೆ ಇದನ್ನು ಬೈಪಾಸ್ ಮಾಡೋಕಾಗ್ತದಾ?" ಎಂದು ಕೇಳಿಯೂ ಬಿಟ್ಟೆ. ಅವರು ನಕ್ಕು, "ಬೀಳೋದೇ ಅದರ ಕೆಲಸ ಸರ್. ಮೊದಲು ನಿಮ್ಮ ಸ್ಟ್ಯಾಂಡ್ ತೋರಿಸಿ" ಎಂದರು.

ಪ್ಲಗ್ ಕಿತ್ತು, ಬೋರ್ಡು ಬಿಚ್ಚಿ ನೋಡಿದರೆ ಫೇಸ್ ವಯರು ಕಬ್ಬಿಣದ ಪಟ್ಟಿಯ ಅಂಚಿಗೆ ಸಿಕ್ಕಿ ಅದರ ಪ್ಲಾಸ್ಟಿಕ್ ಸಿಪ್ಪೆ ಸೀಳಿತ್ತು. ಅರ್ತಿಂಗ್ ವಯರನ್ನು ನಾನು ಹಾಕಿಯೇ ಇರಲಿಲ್ಲ, ದೀಪಕ್ಕೆ ಎರಡೇ ಪಿನ್ ಸಾಕಲ್ಲ ಎಂದು. ಅಂದರೆ ಒಂದು ವರ್ಷ ಆ ಕಬ್ಬಿಣದ ಚೌಕಟ್ಟಿನಲ್ಲಿ ಕರೆಂಟು ಕೂತಿತ್ತು. ಹಾಸ್ಟೆಲಿನ ಒಣ ಟೈಲ್ಸ್, ಕಾಲಲ್ಲಿದ್ದ ರಬ್ಬರ್ ಚಪ್ಪಲಿ ನನ್ನನ್ನು ಕಾಪಾಡಿದ್ದವು. ಇಲ್ಲಿ ಚೌಕಟ್ಟಿನ ಕಾಲು ಮಳೆಗಾಲದ ತೇವ ಹೀರಿದ ನೆಲದ ಮೇಲಿತ್ತು. ಕರೆಂಟು ನೆಲಕ್ಕಿಳಿಯಲು ದಾರಿ ಸಿಕ್ಕಿತು, ಟ್ರಿಪ್ಪರ್ ಅದನ್ನು ಕಂಡಿತು. ನಾನು ಬೈಪಾಸ್ ಮಾಡಿಸಿದ್ದರೆ, ಬರಿಗಾಲಲ್ಲಿ ಓಡಾಡುತ್ತ ಕ್ಯಾಮೆರಾ ನೋಡಲು ಬರುತ್ತಿದ್ದ ಅವರ ಮೊಮ್ಮಗನೇ ಆ ದಾರಿಯಾಗುತ್ತಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. ಊರಿಗೆ ಬಂದ ಮೇಲೆ ಲೆಕ್ಕದ ಪುಸ್ತಕಗಳನ್ನು ಬದಿಗಿಟ್ಟು ಕೆಲವು ವಾರ ಈ ಸ್ವಿಚ್ಚಿನ ಚರಿತ್ರೆ ಓದಿದೆ. ಈ ಬರಹ ಆ ಓದಿನ ಫಲ.

*

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಬಹುತೇಕ ಮನೆಗಳಲ್ಲಿ ಇರುವ ಫ್ಯೂಸು ಅಥವಾ ಎಂಸಿಬಿ ಮನುಷ್ಯರನ್ನು ಕಾಯಲು ಹುಟ್ಟಿದ್ದಲ್ಲ, ಅದು ವಯರನ್ನು ಕಾಯುತ್ತದೆ. ವಯರು ತಾಳುವುದಕ್ಕಿಂತ ಹೆಚ್ಚು ಕರೆಂಟು ಹರಿದರೆ ಅದು ಕಾದು ಬೆಂಕಿ ಹತ್ತಬಹುದು. ಅದಕ್ಕೆ ಮೊದಲೇ ಫ್ಯೂಸು ಸುಟ್ಟುಹೋಗುತ್ತದೆ. 5 ಆಂಪಿಯರ್ ಫ್ಯೂಸಿಗೆ 5 ಆಂಪಿಯರ್ ದಾಟುವವರೆಗೆ ಯಾವ ತಕರಾರೂ ಇಲ್ಲ. ಈಗ ಮನುಷ್ಯ ದೇಹದ ಲೆಕ್ಕ ನೋಡಿ. ಒದ್ದೆ ಕೈ, ಬರಿಗಾಲು ಇದ್ದಾಗ ದೇಹದ ತಡೆ ಸಾವಿರ ಓಮ್ ಆಸುಪಾಸಿಗೆ ಇಳಿಯಬಹುದು. 230 ವೋಲ್ಟ್ ತಾಗಿದರೆ ಹರಿಯುವ ಕರೆಂಟು ಸುಮಾರು 0.2 ಆಂಪಿಯರ್. ಹೃದಯ ನಿಲ್ಲಿಸಲು ಇದು ಧಾರಾಳ ಸಾಕು. ಆದರೆ ಹಳೆಯ ಕಾಲದ 60 ವ್ಯಾಟ್ ಬಲ್ಬು ಉರಿಯುವುದಕ್ಕೇ ಇದಕ್ಕಿಂತ ಹೆಚ್ಚು ಬೇಕಿತ್ತು. ಫ್ಯೂಸಿನ ಕಣ್ಣಿಗೆ ಸಾಯುತ್ತಿರುವ ಮನುಷ್ಯನೂ ಒಂದು ಸಣ್ಣ ಬಲ್ಬು ಅಷ್ಟೆ.

ಹಾಗಾದರೆ ಟ್ರಿಪ್ಪರ್ ಏನು ಮಾಡುತ್ತದೆ? ನಾನು ದಿನವೂ ಓದುವ ಲೆಕ್ಕದ ಪುಸ್ತಕಗಳ ಭಾಷೆಯಲ್ಲೇ ಹೇಳುವುದಾದರೆ, ಅದು ಜಮಾ-ಖರ್ಚು ತಾಳೆ ನೋಡುತ್ತದೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ತಿರುಗಿ ಬರಬೇಕು. ಎರಡೂ ವಯರುಗಳನ್ನು ಒಂದು ಕಬ್ಬಿಣದ ಬಳೆಯ ನಡುವೆ ಹಾಯಿಸುತ್ತಾರೆ. ಹೋದದ್ದು, ಬಂದದ್ದು ಸಮ ಇದ್ದರೆ ಎರಡರ ಕಾಂತಶಕ್ತಿ ಒಂದನ್ನೊಂದು ಹೊಡೆದುಹಾಕುತ್ತದೆ, ಬಳೆಗೆ ಏನೂ ತಿಳಿಯುವುದಿಲ್ಲ. ಸ್ವಲ್ಪ ಕರೆಂಟು ಬೇರೆ ದಾರಿ ಹಿಡಿದು ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ. ಬಳೆಗೆ ಸುತ್ತಿದ ಮೂರನೆಯ ತಂತಿಯಲ್ಲಿ ಆ ವ್ಯತ್ಯಾಸ ಸಣ್ಣ ಕರೆಂಟಾಗಿ ಹುಟ್ಟಿ ಸ್ವಿಚ್ಚನ್ನು ಬೀಳಿಸುತ್ತದೆ. ಸೋರಿದ ಕರೆಂಟು ಕಬ್ಬಿಣದ ಮೂಲಕ ಹೋಯಿತೋ ಮಗುವಿನ ಮೂಲಕ ಹೋಯಿತೋ ಅದಕ್ಕೆ ಗೊತ್ತಿಲ್ಲ. ಲೆಕ್ಕ ತಪ್ಪಿದೆ ಎಂಬುದಷ್ಟೇ ಗೊತ್ತು. ನಮ್ಮಲ್ಲಿ ಇದನ್ನು ಇಎಲ್‌ಸಿಬಿ, ಆರ್‌ಸಿಸಿಬಿ ಎನ್ನುತ್ತಾರೆ, ಅಮೆರಿಕದಲ್ಲಿ ಜಿಎಫ್‌ಸಿಐ.

ತತ್ವ ಇಷ್ಟು ಸರಳ. ಕಷ್ಟದ ಪ್ರಶ್ನೆ ಬೇರೆಯೇ ಇತ್ತು: ಎಷ್ಟು ಲೆಕ್ಕ ತಪ್ಪಿದರೆ ಬೀಳಬೇಕು? ಇದಕ್ಕೆ ಉತ್ತರ ಹೇಳಲು ಮನುಷ್ಯನ ದೇಹ ಎಷ್ಟು ತಾಳುತ್ತದೆ ಎಂದು ಯಾರಾದರೂ ಅಳೆಯಬೇಕಿತ್ತು.

*

ಅಳೆಯುವ ಕೆಲಸ ಮೊದಲು ನಡೆದದ್ದು ಪ್ರಾಣಿಗಳ ಮೇಲೆ. 1899ರಲ್ಲಿ ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಎಂಬ ಇಬ್ಬರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಕರೆಂಟು ತಾಗಿದಾಗ ಹೃದಯದ ಸ್ನಾಯುಗಳು ತಾಳ ತಪ್ಪಿ ಅದುರತೊಡಗುತ್ತವೆ, ರಕ್ತ ಒತ್ತುವುದು ನಿಲ್ಲುತ್ತದೆ ಎಂದು ತೋರಿಸಿದರು. 1936ರಲ್ಲಿ ಅಮೆರಿಕದ ಸಂಶೋಧಕರು ಕುರಿಗಳ ಮೇಲೆ ಇದೇ ಕೆಲಸವನ್ನು ಇನ್ನೂ ವಿವರವಾಗಿ ಮಾಡಿದರು. ಗಾತ್ರದಲ್ಲಿ ಕುರಿಯ ಹೃದಯ ಮನುಷ್ಯನ ಹೃದಯಕ್ಕೆ ಹತ್ತಿರ ಎಂಬುದು ಕಾರಣ.

ಆದರೆ ಮನೆಯಲ್ಲಿ ಶಾಕ್ ಹೊಡೆದಾಗ ಎಷ್ಟೋ ಸಲ ನಾವು ಕೇಳುವ ಮಾತು "ಕೈ ಬಿಡಿಸಿಕೊಳ್ಳೋಕೇ ಆಗಲಿಲ್ಲ" ಎಂಬುದು. ಇದನ್ನು ಅಳೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್. ಅವರು ಸ್ವಯಂಸೇವಕರ ಕೈಗೆ ತಾಮ್ರದ ತಂತಿ ಕೊಟ್ಟು ಕರೆಂಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ತಂತಿಯನ್ನು ಬಿಡಲು ಹೇಳುತ್ತಿದ್ದರು. ಒಂದು ಹಂತದಲ್ಲಿ ಮನಸ್ಸು ಬಿಡು ಎಂದರೂ ಕೈ ಬಿಡುವುದಿಲ್ಲ. ಬೆರಳು ಮಡಿಸುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾದ್ದರಿಂದ ಕರೆಂಟು ಮುಷ್ಟಿಯನ್ನು ಬಿಗಿದುಬಿಡುತ್ತದೆ. 134 ಗಂಡಸರು, 28 ಹೆಂಗಸರು ಈ ಪ್ರಯೋಗಕ್ಕೆ ಕೈ ಒಡ್ಡಿದರು. ಬಿಡಿಸಿಕೊಳ್ಳಬಲ್ಲ ಕರೆಂಟಿನ ಸರಾಸರಿ ಗಂಡಸರಲ್ಲಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ 10.5 ಎಂದು ಬಂತು. ಡಾಲ್ಜಿಯಲ್ ಸರಾಸರಿಗೆ ನಿಲ್ಲಲಿಲ್ಲ. ಸರಾಸರಿಯನ್ನು ನಂಬಿದರೆ ಅರ್ಧ ಜನ ತಂತಿಗೆ ಅಂಟಿಕೊಂಡೇ ಉಳಿಯುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತೂವರೆ ಜನ ಬಿಡಿಸಿಕೊಳ್ಳಬಲ್ಲ ಮಟ್ಟ ಯಾವುದೆಂದು ಲೆಕ್ಕ ಹಾಕಿದರು. ಗಂಡಸರಿಗೆ 9, ಹೆಂಗಸರಿಗೆ 6. ಮಕ್ಕಳ ಮೇಲೆ ಇಂಥ ಪ್ರಯೋಗ ಮಾಡುವಂತಿರಲಿಲ್ಲ. ಅವರ ಅಂಕೆಯನ್ನು ಗಂಡಸರ ಅರ್ಧವೆಂದು ಹಿಡಿದರು, 4.5.

ಆಕರಗಳ ಜೊತೆ ಕೆಲಸ ಮಾಡುವವನಾಗಿ ನನಗೆ ಈ ಅಂಕೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು. ಒಂದು ಕ್ಯಾಂಪಸ್ಸಿಗೆ ಬಂದು ಕೈ ಒಡ್ಡಿದ 162 ಜನ ಆರೋಗ್ಯವಂತ ವಯಸ್ಕರು ಕೊಟ್ಟ ಸಾಕ್ಷ್ಯ ಇದು. ಅತಿ ಹೆಚ್ಚು ಅಪಾಯದಲ್ಲಿರುವ ದೇಹ, ಅಂದರೆ ಮಗುವಿನದು, ಈ ಪಟ್ಟಿಯಲ್ಲಿ ಅಂದಾಜಾಗಿ ಮಾತ್ರ ಇದೆ. ಆದರೂ ಮುಂದೆ ಅಮೆರಿಕದಲ್ಲಿ ನಿಗದಿಯಾದ 5 ಮಿಲಿ ಆಂಪಿಯರ್ ಎಂಬ ಮಿತಿ ಹುಟ್ಟಿದ್ದು ಈ ಅಂಕೆಗಳ ಸುತ್ತಮುತ್ತಲೇ, ಅದರಲ್ಲೂ ದುರ್ಬಲರ ಕಡೆಗೆ ವಾಲಿ.

*

ಇಷ್ಟು ಹೊತ್ತಿಗೆ ಇನ್ನೊಂದು ಖಂಡದಲ್ಲಿ ಇದೇ ಸ್ವಿಚ್ಚು ಬೇರೆ ದಾರಿಯಿಂದ ಹುಟ್ಟುತ್ತಿತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕರೆಂಟಿನ ಅಪಾಯ ದೊಡ್ಡ ಚಿಂತೆಯಾಗಿತ್ತು. ನೆಲದಾಳದ ತೇವ, ಎಳೆದಾಡುವ ಕೇಬಲ್ಲುಗಳು, ಕಬ್ಬಿಣದ ಯಂತ್ರಗಳು ಎಲ್ಲ ಒಂದೇ ಕಡೆ. ಆಗ ಇದ್ದ ಸೋರಿಕೆ ರಕ್ಷಣೆ ಕೆಲಸ ಮಾಡಲು ಸುಮಾರು 10 ಆಂಪಿಯರ್ ಸೋರಬೇಕಿತ್ತು. ಅದು ಯಂತ್ರ ಉಳಿಸುತ್ತಿತ್ತು, ಮನುಷ್ಯನನ್ನಲ್ಲ. ಹೆನ್ರಿ ರೂಬಿನ್ ಎಂಬ ಎಂಜಿನಿಯರ್ 1955ರಲ್ಲಿ 250 ಮಿಲಿ ಆಂಪಿಯರ್‌ಗೆ ಬೀಳುವ ಉಪಕರಣ ಮಾಡಿದರು, ಅದು ಹಲವು ಗಣಿಗಳಿಗೆ ಹೋಯಿತು. 1956ರ ಆರಂಭದಲ್ಲಿ ಅವರು ಮಾಡಿದ ಹೊಸ ಮಾದರಿ 12.5ರಿಂದ 17.5 ಮಿಲಿ ಆಂಪಿಯರ್ ಸೋರಿದರೂ ಬೀಳುತ್ತಿತ್ತು. 10 ಆಂಪಿಯರ್‌ನಿಂದ ಇಲ್ಲಿಗೆ ಸುಮಾರು ಆರುನೂರು ಪಟ್ಟು ಸೂಕ್ಷ್ಮ.

ಸ್ಟಿಲ್‌ಫಂಟೇನ್ ಎಂಬ ಗಣಿ ಊರಿನ ಮನೆಯೊಂದರಲ್ಲಿ ಹೆಂಗಸೊಬ್ಬರು ಶಾಕ್ ಹೊಡೆದು ಸಾವಿನ ಅಂಚಿಗೆ ಹೋಗಿ ಬಂದರು. ಅದರ ನಂತರ 1957-58ರಲ್ಲಿ ಆ ಊರಿನ ಕೆಲವು ನೂರು ಮನೆಗಳಿಗೆ 20 ಮಿಲಿ ಆಂಪಿಯರ್‌ನ ಸ್ವಿಚ್ಚುಗಳನ್ನು ಹಾಕಿದರು. ಮನುಷ್ಯರನ್ನು ಕಾಯುವಷ್ಟು ಸೂಕ್ಷ್ಮವಾದ ಟ್ರಿಪ್ಪರ್ ಊರಿನ ಮಟ್ಟದಲ್ಲಿ ಮನೆಮನೆಗೆ ಬಂದ ಮೊದಲ ಉದಾಹರಣೆಗಳಲ್ಲಿ ಇದೊಂದು. ವರ್ಣಭೇದದ ಆ ಕಾಲದ ಗಣಿಗಳಲ್ಲಿ ಸಾಮಾನ್ಯವಾಗಿ ಸಂಸಾರದ ಮನೆಗಳು ಇದ್ದದ್ದು ಬಿಳಿಯ ನೌಕರರಿಗೆ, ಕಪ್ಪು ಕಾರ್ಮಿಕರು ಇರುತ್ತಿದ್ದದ್ದು ಗಂಡಸರೇ ತುಂಬಿದ ಕಾಂಪೌಂಡುಗಳಲ್ಲಿ ಎಂಬುದನ್ನೂ ಇಲ್ಲೇ ನೆನೆಯಬೇಕು.

ಚಿನ್ನದ ಗಣಿ ಎಂದಾಗ ಕನ್ನಡದ ಓದುಗರಿಗೆ ಕೋಲಾರ ನೆನಪಾಗದೆ ಇರದು. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ಹರಿದು ಮೊದಲು ತಲುಪಿದ್ದು ಕೆಜಿಎಫ್ ಗಣಿಗಳನ್ನೇ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಲು 1905ರ ಆಗಸ್ಟ್ ಬರಬೇಕಾಯಿತು, ಸಾಮಾನ್ಯರ ಮನೆಗಳು ಇನ್ನೂ ಎಷ್ಟೋ ದಶಕ ಕಾದವು. ನಮ್ಮಲ್ಲಿ ಕರೆಂಟು ಗಣಿಯಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂತು. ದಕ್ಷಿಣ ಆಫ್ರಿಕಾದಲ್ಲಿ ಕರೆಂಟಿನಿಂದ ಕಾಯುವ ಸ್ವಿಚ್ಚೂ ಗಣಿಯಿಂದಲೇ ಮನೆಗೆ ಬಂತು. ಎರಡೂ ಕಡೆ ಮೊದಲ ಖರ್ಚನ್ನು ಹೊತ್ತದ್ದು ಚಿನ್ನ.

*

ಡಾಲ್ಜಿಯಲ್ 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿ ತಮ್ಮದೇ ಸ್ವಿಚ್ಚು ರೂಪಿಸಿದರು, 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಳೆದವರೇ ಉಪಾಯವನ್ನೂ ಹುಡುಕಿದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ಆದರೆ ಉಪಾಯ ಹುಟ್ಟಿದ ಮಾತ್ರಕ್ಕೆ ಅದು ಎಲ್ಲರ ಮನೆಗೆ ಬರುವುದಿಲ್ಲ. ಅಮೆರಿಕದ ವಿದ್ಯುತ್ ನಿಯಮಾವಳಿಯ ಆವೃತ್ತಿಗಳನ್ನು ಸಾಲಾಗಿಟ್ಟು ನೋಡಿದರೆ ಈ ಸ್ವಿಚ್ಚು ಮನೆಯೊಳಗೆ ಹೆಜ್ಜೆಹೆಜ್ಜೆಯಾಗಿ ನಡೆದು ಬಂದದ್ದು ಕಾಣುತ್ತದೆ. 1968ರಲ್ಲಿ ಈಜುಕೊಳದ ನೀರಿನೊಳಗಿನ ದೀಪ. 1971ರಲ್ಲಿ ಮನೆಯ ಹೊರಗಿನ ಸಾಕೆಟ್ಟು. 1975ರಲ್ಲಿ ಬಚ್ಚಲು. 1978ರಲ್ಲಿ ಕಾರು ನಿಲ್ಲಿಸುವ ಗ್ಯಾರೇಜು. ಅಡುಗೆಮನೆಗೆ ಬರಲು 1987. ದಿನವಿಡೀ ಒದ್ದೆ ಕೈಯಲ್ಲಿ ಕೆಲಸ ನಡೆಯುವ ಅಡುಗೆಮನೆ, ಈಜುಕೊಳದ ನಂತರ ಸುಮಾರು ಇಪ್ಪತ್ತು ವರ್ಷ ಕಾಯಬೇಕಾಯಿತು. ಯಾರ ಅಪಾಯ ಮೊದಲು ಕಣ್ಣಿಗೆ ಬೀಳುತ್ತದೆ ಎಂಬುದಕ್ಕೆ ಈ ಪಟ್ಟಿಗಿಂತ ಬೇರೆ ವ್ಯಾಖ್ಯಾನ ಬೇಡ.

ಯುರೋಪಿನವರು ಬೇರೆ ಲೆಕ್ಕ ಹಿಡಿದರು. ಆಸ್ಟ್ರಿಯಾದ ಗಾಟ್‌ಫ್ರೀಡ್ ಬೀಗಲ್‌ಮೈಯರ್ ಈ ಸ್ವಿಚ್ಚುಗಳನ್ನು ರೂಪಿಸಿದ ಮುಖ್ಯರಲ್ಲಿ ಒಬ್ಬರು. ಕರೆಂಟು ದೇಹದಲ್ಲಿ ಏನು ಮಾಡುತ್ತದೆಂದು ತಿಳಿಯಲು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡವರು. ಅಲ್ಲಿ ನೆಲೆಯೂರಿದ, ನಮ್ಮ ದೇಶಕ್ಕೂ ಬಂದ ಅಂಕೆ 30 ಮಿಲಿ ಆಂಪಿಯರ್. ಅಮೆರಿಕದ 5 ಎಂಬುದು "ಕೈ ಬಿಡಿಸಿಕೊಳ್ಳಲಾಗಬೇಕು" ಎಂಬ ತರ್ಕದಿಂದ ಬಂದದ್ದು. 30 ಎಂಬುದು "ಹೃದಯ ತಾಳ ತಪ್ಪುವ ಮೊದಲು ಕರೆಂಟು ಕಡಿಯಬೇಕು" ಎಂಬ ತರ್ಕದ್ದು. 30ರಲ್ಲಿ ಶಾಕ್ ಜೋರಾಗಿಯೇ ಹೊಡೆಯುತ್ತದೆ, ಆದರೆ ಸ್ವಿಚ್ಚು ಸೆಕೆಂಡಿನ ಸಣ್ಣ ಪಾಲಿನಲ್ಲಿ ಬೀಳುವುದರಿಂದ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಅಂಕೆ ಕಡಿಮೆ ಇಟ್ಟಷ್ಟೂ ಮಳೆ ತೇವಕ್ಕೂ ಹಳೆ ಫ್ರಿಜ್ಜಿಗೂ ಸ್ವಿಚ್ಚು ಬೀಳುತ್ತಿರುತ್ತದೆ. ಪದೇಪದೇ ಬೀಳುವ ಸ್ವಿಚ್ಚನ್ನು ಜನ ಕಿತ್ತುಹಾಕುತ್ತಾರೆ. ಹಾಗಾಗಿ ಈ ಅಂಕೆಗಳು ದೇಹದ ಸಹನೆಯನ್ನೂ ಮನೆಮಂದಿಯ ಸಹನೆಯನ್ನೂ ಒಟ್ಟಿಗೆ ಅಳೆದು ಮಾಡಿಕೊಂಡ ರಾಜಿ. ಆ ರಾಜಿಯನ್ನು ನಾನೇ ಮುರಿಯಲು ಹೊರಟಿದ್ದೆ.

*

ಭಾರತದಲ್ಲಿ ಶಾಕ್ ಹೊಡೆದು ಸಾಯುವವರ ಸಂಖ್ಯೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ, ಇತ್ತೀಚಿನ ಹಲವು ವರ್ಷಗಳಲ್ಲಿ ತಲಾ 10 ಸಾವಿರ ದಾಟಿದೆ. ಎಲ್ಲವೂ ಮನೆಯೊಳಗಿನ ಸಾವುಗಳಲ್ಲ. ಹೊಲದ ಪಂಪ್‌ಸೆಟ್ಟು, ಹರಿದು ಬಿದ್ದ ಲೈನು, ಕಟ್ಟಡದ ಕೆಲಸ ಎಲ್ಲ ಅದರಲ್ಲಿ ಸೇರಿವೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ತಂದ ಸುರಕ್ಷತಾ ನಿಯಮಾವಳಿ ಸೋರಿಕೆ ರಕ್ಷಣೆಯ ಸ್ವಿಚ್ಚನ್ನು ಕಡ್ಡಾಯ ಮಾಡಿತು. ಆದರೆ 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಸಣ್ಣ ಸಂಪರ್ಕಗಳನ್ನು ಅದರಿಂದ ಹೊರಗಿಟ್ಟಿತು.

ಈ ವಿನಾಯಿತಿಯ ಹಿಂದಿನ ಕಾರಣ ಊಹಿಸುವುದು ಕಷ್ಟವಲ್ಲ. ಬಡವರ ಮೇಲೆ ಖರ್ಚು ಹೊರಿಸಬಾರದು ಎಂದಿರಬಹುದು. ಆದರೆ ಕಿಲೋವ್ಯಾಟು ಮನೆ ಎಷ್ಟು ಕರೆಂಟು ಉಣ್ಣುತ್ತದೆ ಎಂದು ಹೇಳುತ್ತದೆ, ದೇಹ ಎಷ್ಟು ತಾಳುತ್ತದೆ ಎಂದಲ್ಲ. ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದೇ ಬಲ್ಬಿನ ಸಂಪರ್ಕ ಪಡೆದ ಗುಡಿಸಿಲಲ್ಲೂ ವೋಲ್ಟೇಜು ಅದೇ 230. ಮಣ್ಣಿನ ನೆಲ, ತಗಡಿನ ಗೋಡೆ, ಬರಿಗಾಲು, ಬಟ್ಟೆ ಒಣಹಾಕುವ ತಂತಿ ಎಲ್ಲ ಸೇರಿದರೆ ಅಲ್ಲಿ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಹೆಚ್ಚು ಕರೆಂಟು ಬಳಸುವವರಿಗೆ ಮೊದಲು ರಕ್ಷಣೆ ಎಂಬ ಈ ಕ್ರಮವನ್ನು ನಾವು ಈಜುಕೊಳದ ದೀಪದಲ್ಲೇ ನೋಡಿದ್ದೆವು.

*

ಆ ಎಲೆಕ್ಟ್ರಿಷಿಯನ್ ನನ್ನ ಬೋರ್ಡನ್ನು ಅಲ್ಲೇ ಕೂತು ಹೊಸದಾಗಿ ಕಟ್ಟಿಕೊಟ್ಟರು. ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಇಂಥದ್ದನ್ನು ತಾವೇ ಕಟ್ಟಿಕೊಳ್ಳುವ ಗೆಳೆಯರು ನನಗೆ ಬಹಳ ಇದ್ದಾರೆ, ಅವರಿಗಾಗಿ ಇಲ್ಲಿ ಹೇಳುತ್ತೇನೆ.

ಎರಡು ಎಳೆಯ ವಯರು ತೆಗೆದು ಮೂರು ಎಳೆಯದು ಹಾಕಿದರು. ಅರ್ತಿಂಗ್ ಎಳೆ ಸ್ವಿಚ್ಚಿನ ಮೂಲಕ ಹಾಯದೆ ನೇರ ಸಾಕೆಟ್ಟುಗಳ ದಪ್ಪ ಪಿನ್ನಿಗೂ ಕಬ್ಬಿಣದ ಚೌಕಟ್ಟಿಗೂ ಹೋಯಿತು. ಬೋರ್ಡಿನ ಮೊದಲಿಗೇ 30 ಮಿಲಿ ಆಂಪಿಯರ್‌ನ ಸಣ್ಣ ಆರ್‌ಸಿಸಿಬಿ, ಅದರ ಜೊತೆ ಒಂದು ಎಂಸಿಬಿ. ಸೋರಿಕೆ ನೋಡುವುದು ಒಂದು, ಲೋಡು ಹೆಚ್ಚಾದರೆ ಕಡಿಯುವುದು ಇನ್ನೊಂದು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಆರ್‌ಸಿಸಿಬಿಗೆ ಒಳಬರುವ ತುದಿ, ಹೊರಹೋಗುವ ತುದಿ ಎಂದು ಗುರುತಿರುತ್ತದೆ. ಹೊರಹೋಗುವ ತುದಿಯಿಂದಲೇ ಫೇಸು, ನ್ಯೂಟ್ರಲ್ ಎರಡೂ ಸಾಕೆಟ್ಟಿಗೆ ಹೋಗಬೇಕು. ನ್ಯೂಟ್ರಲ್ ಒಂದನ್ನು ಬೇರೆ ಕಡೆಯಿಂದ ತಂದರೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ, ಸ್ವಿಚ್ಚು ನಿಲ್ಲುವುದೇ ಇಲ್ಲ. ಆಗ ಜನ ಸ್ವಿಚ್ಚನ್ನು ಬಯ್ಯುತ್ತಾರೆ. ಅಮೆರಿಕದಲ್ಲಿ ರಕ್ಷಣೆ ಸಾಕೆಟ್ಟಿನೊಳಗೇ ಕೂತಿರುತ್ತದೆ. ಅಲ್ಲಿ ಒಳಬರುವ, ಹೊರಹೋಗುವ ತುದಿಗಳನ್ನು ಅದಲುಬದಲು ಮಾಡಿದ ಹಳೆಯ ಸಾಕೆಟ್ಟುಗಳು ಕರೆಂಟು ಕೊಡುತ್ತಲೇ ಇದ್ದವು, ರಕ್ಷಣೆ ಮಾತ್ರ ಇರುತ್ತಿರಲಿಲ್ಲ. ಹಾಗೆ ತಪ್ಪಾಗಿ ಜೋಡಿಸಿದರೆ ಕರೆಂಟೇ ಬಾರದಂತೆ ಅವನ್ನು ಮಾರ್ಪಡಿಸಿದ್ದು ಈ ಶತಮಾನದಲ್ಲಿ.

ಕೊನೆಗೆ, ವಯರು ಕಬ್ಬಿಣದ ಅಂಚನ್ನು ಹಾಯುವ ಕಡೆಯೆಲ್ಲ ರಬ್ಬರ್ ಬಳೆ ಹಾಕಿ, ಎಳೆದರೂ ಬಿಚ್ಚದಂತೆ ಕ್ಲಾಂಪು ಬಿಗಿದರು. ಇಷ್ಟಾದರೂ ಒಂದು ಮಾತು ನೆನಪಿಡಿ ಎಂದರು: ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಈ ಸ್ವಿಚ್ಚಿಗೆ ಏನೂ ತಿಳಿಯುವುದಿಲ್ಲ. ಹೋದದ್ದೆಲ್ಲ ತಿರುಗಿ ಬರುತ್ತಿರುತ್ತದೆ, ನಡುವೆ ಇರುವುದು ಮನುಷ್ಯ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಬೋರ್ಡು ಬಿಚ್ಚುವ ಮೊದಲು ಪ್ಲಗ್ ಕೀಳಲೇಬೇಕು. ಮನೆಯ ಮೇನ್ ವಯರಿಂಗಿಗೆ ಕೈ ಹಾಕಲು ಲೈಸೆನ್ಸ್ ಇರುವವರನ್ನೇ ಕರೆಯಬೇಕು.

ಹೊರಡುವಾಗ ಅವರು ಮೀಟರ್ ಬೋರ್ಡಿನ ಹತ್ತಿರ ಅಜ್ಜಯ್ಯನನ್ನು ಕರೆದು, ಟ್ರಿಪ್ಪರಿನ ಮೇಲಿದ್ದ ಟೆಸ್ಟ್ ಎಂಬ ಸಣ್ಣ ಗುಂಡಿ ತೋರಿಸಿ ತಿಂಗಳಿಗೊಮ್ಮೆ ಒತ್ತಲು ಹೇಳಿದರು. ಒತ್ತಿದಾಗ ಬಿದ್ದರೆ ಜೀವ ಇದೆ ಎಂದು ಅರ್ಥ, ಬೀಳದಿದ್ದರೆ ಬದಲಿಸಬೇಕು. ಆರು ವರ್ಷದಿಂದ ಆ ಗುಂಡಿ ಅಲ್ಲೇ ಇತ್ತಂತೆ, ಯಾರೂ ಒತ್ತಿರಲಿಲ್ಲ.

ನಾನು ಹೊರಡುವ ದಿನ ಬೆಳಿಗ್ಗೆ ಸ್ಟ್ಯಾಂಡ್ ಬಿಚ್ಚಿ ಕಟ್ಟುತ್ತಿದ್ದೆ. ಇದ್ದಕ್ಕಿದ್ದಂತೆ ಟಕ್ ಎಂದಿತು, ಮನೆ ಕತ್ತಲಾಯಿತು. ಮಿಕ್ಸಿ ನಿಂತದ್ದಕ್ಕೆ ಅಮ್ಮ ಅಡುಗೆಮನೆಯಿಂದ ನನ್ನ ಹೆಸರು ಹಿಡಿದೇ ಕೂಗಿದರು. ನನ್ನ ಪ್ಲಗ್ಗು ನನ್ನ ಕೈಯಲ್ಲೇ ಇತ್ತು. ಮೀಟರ್ ಬೋರ್ಡಿನ ಹತ್ತಿರ ಅಜ್ಜಯ್ಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು, ಪಕ್ಕದಲ್ಲಿ ಮೊಮ್ಮಗ.

"ಬೀಳ್ತದೆ, ಸರಿ ಇದೆ" ಎಂದು ಅಜ್ಜಯ್ಯ ಟ್ರಿಪ್ಪರನ್ನು ಮತ್ತೆ ಎತ್ತಿದರು.